ಕೀಲು ಹಿಡಿಯುವ ಜ್ವರ: ಚಿಕುನ್‌ಗುನ್ಯಾ

2006ನೆಯ ಇಸವಿಯನ್ನು ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹಿರಿಯರು ಮರೆತಿರಲಾರರು. ಒಂದೇ ಮನೆಯಲ್ಲಿ ಮೂರು ನಾಲ್ಕು ಮಂದಿ ಹಾಸಿಗೆ ಹಿಡಿದಿದ್ದರು. ಜ್ವರ ಇಳಿದರೂ ಕೀಲುನೋವು ಇಳಿಯದೆ, ರೇಷ್ಮೆ ಸೀರೆ ನೇಯುವ ಕೈಗಳು ಲಾಳಿ ಹಿಡಿಯಲಾರದೆ ಸೋತವು. ಗೋಡೆ ಹಿಡಿದು ಚಿಕಿತ್ಸಾಲಯದ ಮೆಟ್ಟಿಲು ಹತ್ತಿದವರನ್ನು ನಾವು ಕಂಡಿದ್ದೇವೆ. ಆ ವರ್ಷ ಕರ್ನಾಟಕದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು.

ಈ ರೋಗದ ತವರು ಆಫ್ರಿಕಾ. 1952ರಲ್ಲಿ ಇಂದಿನ ಟಾಂಜಾನಿಯಾದ ದಕ್ಷಿಣ ಭಾಗದಲ್ಲಿ ಇದನ್ನು ಮೊದಲು ಗುರುತಿಸಲಾಯಿತು. ಅಲ್ಲಿನ ಮಕೊಂಡೆ ಭಾಷೆಯ ಈ ಹೆಸರಿಗೆ ಬಾಗಿಸುವುದು ಎಂದರ್ಥ. ಆಫ್ರಿಕಾದ ಕಾಡುಗಳಲ್ಲಿ ವೈರಾಣುವು ಕೋತಿಗಳಿಗೂ ಕಾಡಿನ ಸೊಳ್ಳೆಗಳಿಗೂ ನಡುವೆ ಸುತ್ತುತ್ತಿರುತ್ತದೆ. ಊರು ಸೇರಿದ ಮೇಲೆ ಕೋತಿಯ ನೆರವು ಬೇಕಿಲ್ಲ. ರೋಗಿಯನ್ನು ಕಚ್ಚಿದ ಈಡಿಸ್ ಸೊಳ್ಳೆಯೇ ಮತ್ತೊಬ್ಬರಿಗೆ ದಾಟಿಸುತ್ತದೆ. 1963ರಲ್ಲಿ ಕೋಲ್ಕತ್ತದಲ್ಲಿ ಕಾಣಿಸಿಕೊಂಡ ರೋಗವು ದಶಕಗಳ ಬಿಡುವಿನ ನಂತರ 2005ರಲ್ಲಿ ದೇಶಕ್ಕೆ ಮರಳಿತು. ಹೆಸರಿನ ಸಾಮ್ಯದಿಂದ ಕೋಳಿಮಾಂಸವೇ ಕಾರಣವೆಂಬ ವದಂತಿಯೂ ಹಬ್ಬಿತ್ತು. ಮಾಂಸ ಮುಟ್ಟದ ಮನೆಗಳನ್ನೂ ಜ್ವರ ಬಿಡಲಿಲ್ಲ.

ಮಳೆ ಕಡಿಮೆಯಿರುವ ನಮ್ಮ ಸೀಮೆಗೆ ಸೊಳ್ಳೆಯ ರೋಗವೇಕೆ? ನೀರು ವಿರಳವಾದುದರಿಂದಲೇ. ನಲ್ಲಿಯಲ್ಲಿ ದಿನವೂ ನೀರು ಬಾರದಾಗ ತೊಟ್ಟಿ, ಡ್ರಮ್ಮುಗಳಲ್ಲಿ ತುಂಬಿಡುತ್ತೇವೆ. ಈಡಿಸ್ ಸೊಳ್ಳೆಯು ಚರಂಡಿಯ ಕೊಳಚೆಗಿಂತ ಈ ತಿಳಿನೀರನ್ನೇ ಬಯಸುತ್ತದೆ, ಹಗಲಿನಲ್ಲಿಯೇ ಕಚ್ಚುತ್ತದೆ. ಅದರ ಮೊಟ್ಟೆಗಳು ಪಾತ್ರೆಯ ಒಳಗೋಡೆಗೆ ಅಂಟಿಕೊಂಡು, ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕುತ್ತವೆ. ಆದುದರಿಂದ ನೀರು ಚೆಲ್ಲಿದರೆ ಸಾಲದು. ವಾರಕ್ಕೊಮ್ಮೆ ಒಳಗೋಡೆಯನ್ನು ತಿಕ್ಕಿ ತೊಳೆದು, ಒಣಗಿಸಿ, ಮತ್ತೆ ತುಂಬಿ, ಭದ್ರವಾಗಿ ಮುಚ್ಚಬೇಕು. ಮನೆಯ ಸುತ್ತ ಬಿದ್ದಿರುವ ತೆಂಗಿನ ಚಿಪ್ಪು, ಹಳೆಯ ಟೈರುಗಳನ್ನೂ ತೆಗೆಯಬೇಕು.

ಈ ವೈರಾಣುವನ್ನೇ ಕೊಲ್ಲುವ ಸಿದ್ಧೌಷಧ ಯಾವ ಪದ್ಧತಿಯಲ್ಲಿಯೂ ಇಲ್ಲ. ಆಯುರ್ವೇದ ವೈದ್ಯರಾದ ನಾವು ಇದನ್ನು ಮುಚ್ಚಿಡಲಾಗದು. ವಿಶ್ರಾಂತಿ, ಸಾಕಷ್ಟು ನೀರು, ಗಂಜಿಯಂತಹ ಲಘು ಆಹಾರ ಹಿತಕರ. ನೋವೆಂದು ಜ್ವರವಿರುವಾಗಲೇ ಎಣ್ಣೆ ಹಚ್ಚಿ ನೀವುವುದು ಸಲ್ಲದು. ಹೊಸ ಜ್ವರದಲ್ಲಿ ಅಭ್ಯಂಗವನ್ನು ನಮ್ಮ ಶಾಸ್ತ್ರವೇ ನಿಷೇಧಿಸಿದೆ. ಇದೇ ಸೊಳ್ಳೆ ಡೆಂಗಿಯನ್ನೂ ಹರಡುವುದರಿಂದ, ರಕ್ತಪರೀಕ್ಷೆಯಲ್ಲಿ ಡೆಂಗಿ ಇಲ್ಲವೆಂದು ತಿಳಿಯುವವರೆಗೆ ಆಸ್ಪಿರಿನ್, ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳನ್ನು ನುಂಗಬಾರದು, ರಕ್ತಸ್ರಾವದ ಭಯವುಂಟು. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಕಷಾಯ ಕಾಯಿಸುತ್ತ ಕೂರದೆ ಆಸ್ಪತ್ರೆಗೆ ಧಾವಿಸಿರಿ. ವೃದ್ಧರು, ಗರ್ಭಿಣಿಯರು, ಹಸುಳೆಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು.

ಈ ಜ್ವರದಿಂದ ಸಾಯುವವರು ವಿರಳ. ಆದರೆ ತಿಂಗಳುಗಟ್ಟಲೆ ಕಾಯಕ ಕಳೆದುಕೊಳ್ಳುವವರು ಅನೇಕರು. ದುಡಿಮೆಯಿಂದಲೇ ಒಲೆ ಉರಿಯುವ ಮನೆಗೆ ಅದು ಸಣ್ಣ ನಷ್ಟವಲ್ಲ. ವಾರಕ್ಕೊಂದು ದಿನ ಗೊತ್ತುಮಾಡಿ, ಓಣಿಯವರೆಲ್ಲ ಕೂಡಿ ತೊಟ್ಟಿ ತಿಕ್ಕಿರಿ. ಒಂದು ಮನೆ ಬಿಟ್ಟರೂ ಸೊಳ್ಳೆಗೆ ಅಷ್ಟೇ ಸಾಕು.