ಮಾಸು ಬೇರೂರುವ ಹೊತ್ತು



ನಮ್ಮ ವೈದ್ಯಕೀಯ ನೆರವು ನಿಧಿಗೆ ದಿನ ತುಂಬದೆ ಹುಟ್ಟಿದ ಮಕ್ಕಳ ಅರ್ಜಿಗಳೂ ಬರುತ್ತವೆ. ತಾಯಿಗೆ ಬಿ.ಪಿ. ಏರಿ, ಹೆರಿಗೆ ಬೇಗ ಮಾಡಿಸಬೇಕಾಯಿತು ಎಂದು ಕೆಲವದರಲ್ಲಿ ಬರೆದಿರುತ್ತದೆ. "ಹುಡುಗಿ ಸರಿಯಾಗಿ ಜೋಪಾನ ಮಾಡಿಕೊಳ್ಳಲಿಲ್ಲವೇನೋ" ಎಂದು ಒಮ್ಮೆ ನಾನೇ ಅಂದುಬಿಟ್ಟೆ. ಅದು ತಪ್ಪೆಂದು ಆಮೇಲೆ ಓದಿ ತಿಳಿಯಿತು. ಕಾಮರ್ಸ್ ಓದಿ ಬ್ಯಾಂಕಿನಲ್ಲಿ ದುಡಿದವನು ನಾನು. ಲೆಕ್ಕದ ಭಾಷೆಯಲ್ಲೇ ಹೇಳುತ್ತೇನೆ.

ತಾಯಿಯ ರಕ್ತದಿಂದ ಮಗುವಿಗೆ ಆಮ್ಲಜನಕ, ಆಹಾರ ತಲುಪಿಸುವುದು ಮಾಸು. ಅದು ಬೆಳೆಯುವ ಬಗೆಯನ್ನು ವಿಜ್ಞಾನಿಗಳು ಬಹುಮಟ್ಟಿಗೆ ಕಲಿತದ್ದು ಪ್ರಯೋಗಾಲಯದ ಪುಟ್ಟ ಇಲಿಗಳಿಂದ. ಅವುಗಳ ಗರ್ಭಾವಧಿ ಸುಮಾರು 20 ದಿನ. ನಾಲ್ಕನೆಯ ದಿನಕ್ಕೆ ಭ್ರೂಣ ಒಂದು ಗುಳ್ಳೆಯಂತಿರುತ್ತದೆ. ಒಳಗಿನ ಕೋಶಗಳ ಗುಂಪಿನಿಂದ ಮರಿ ಬೆಳೆಯುತ್ತದೆ. ಹೊರಪದರದಿಂದ ಮಾಸಿನ ಮುಖ್ಯ ಭಾಗ.

ಹೊರಪದರದಲ್ಲೂ ಎರಡು ಪಾಲು. ಒಳಗುಂಪಿಗೆ ಹತ್ತಿರವಿರುವ ಕೋಶಗಳಿಗೆ ಅಲ್ಲಿಂದ ಎಫ್‌ಜಿಎಫ್4 ಎಂಬ ಪ್ರೋಟೀನ್ ಸಿಗುತ್ತದೆ. ಅದು ಸಿಗುವವರೆಗೆ ಅವು ವಿಭಜನೆಯಾಗಿ ಹೆಚ್ಚುತ್ತಲೇ ಇರುತ್ತವೆ. ಇದು ಮೂಲಧನ. 1998ರಲ್ಲಿ ಕೆನಡಾದ ಟೊರಾಂಟೋದ ಜಾನೆಟ್ ರೊಸಾಂಟ್ ಅವರ ತಂಡ ಈ ಪ್ರೋಟೀನ್ ಕೊಟ್ಟು ಇಂಥ ಕೋಶಗಳನ್ನು ಹೊರಗೇ ಬೆಳೆಸಿತು. ಪ್ರೋಟೀನ್ ನಿಲ್ಲಿಸಿದಾಗ ಅವು ವಿಭಜನೆ ಬಿಟ್ಟು 'ದೈತ್ಯಕೋಶ'ಗಳಾದವು.

ಭ್ರೂಣದಲ್ಲೂ ದೂರದ ಕೋಶಗಳ ಪಾಡು ಇದೇ. ಕೋಶ ಎರಡಾಗುವುದಿಲ್ಲ, ಒಳಗಿನ ಡಿಎನ್‌ಎ ಮಾತ್ರ ಪ್ರತಿಯಾಗುತ್ತಾ ನೂರಾರು ಪಟ್ಟಾಗುತ್ತದೆ. ಹೊಸ ಶಾಖೆ ತೆರೆಯದೆ ಇದ್ದ ಶಾಖೆಯಲ್ಲೇ ಲೆಡ್ಜರುಗಳನ್ನು ಹೆಚ್ಚಿಸಿಕೊಂಡಂತೆ. ಈ ದೈತ್ಯಕೋಶಗಳು ಗರ್ಭಕೋಶದ ಗೋಡೆಯೊಳಕ್ಕೆ ಇಳಿದು, ತಾಯಿಯ ರಕ್ತ ಹರಿದುಬರಲು ದಾರಿ ಮಾಡುತ್ತವೆ, ಹಾರ್ಮೋನುಗಳನ್ನೂ ತಯಾರಿಸುತ್ತವೆ. ಎಲ್ಲವೂ ಬೇಗನೆ ದೈತ್ಯವಾದರೆ ಮೂಲಧನ ಕರಗುತ್ತದೆ. ಯಾವುದೂ ಆಗದಿದ್ದರೆ ಕೆಲಸಕ್ಕೆ ಆಳಿಲ್ಲ.

ಮನುಷ್ಯರಲ್ಲಿ ವಿವರಗಳು ಬೇರೆ, ಆದರೆ ಅಗತ್ಯ ಅದೇ. ಮಾಸಿನ ಕೋಶಗಳು ಗರ್ಭಕೋಶದ ರಕ್ತನಾಳಗಳನ್ನು ಹೊಕ್ಕು ಅಗಲ ಮಾಡಬೇಕು. ಅದು ಸಾಲದಾದಾಗ ಮಾಸಿಗೆ ರಕ್ತ ಕಡಿಮೆಯಾಗುತ್ತದೆ. ತಾಯಿಯ ಬಿ.ಪಿ. ಏರಿಸುವ ಪ್ರೀಎಕ್ಲಾಂಪ್ಸಿಯಾಕ್ಕೆ ಇದು ಮುಖ್ಯ ಕಾರಣಗಳಲ್ಲೊಂದು. ಕೊರತೆ ಬಿದ್ದದ್ದು ಮೊದಲ ತಿಂಗಳುಗಳಲ್ಲಿ. ನೋಟಿಸು ಬರುವುದು ಸಾಮಾನ್ಯವಾಗಿ 20 ವಾರಗಳ ನಂತರ. ಅಷ್ಟು ಮೊದಲೇ, ಕಣ್ಣಿಗೆ ಕಾಣದಲ್ಲಿ ನಡೆದದ್ದಕ್ಕೆ ಆ ಹುಡುಗಿಯನ್ನು ಹೊಣೆ ಮಾಡುವುದು ಯಾವ ನ್ಯಾಯ?

ಮನೆಯಲ್ಲಿ ಬಸುರಿಯರಿದ್ದರೆ ಪ್ರತಿ ತಪಾಸಣೆಯಲ್ಲೂ ಬಿ.ಪಿ. ನೋಡಿಸಿ. ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು ಕಂಡರೆ ತಡಮಾಡದೆ ವೈದ್ಯರ ಬಳಿ ಕರೆದೊಯ್ಯಿರಿ. ಹೀಗೆ ಬೇಗ ಹುಟ್ಟಿದ ಕೂಸುಗಳು ವಾರಗಟ್ಟಲೆ ಎನ್‌ಐಸಿಯುನಲ್ಲಿ ಇರಬೇಕಾಗಬಹುದು. ಆ ಖರ್ಚು ಎಲ್ಲ ಮನೆಗಳಿಗೂ ಎಟುಕುವುದಿಲ್ಲ. ನಿಮ್ಮ ಕೈಲಾದಷ್ಟು ನಿಧಿಗೆ ಕೊಡಿ ಎಂದು ವಿನಂತಿ.