‘ಆಮೇಲೆ ನೋಡೋಣ’

ಫೋನಿನ ಪರದೆಯ ಮೇಲೆ ‘ಕೂಡಲೇ ಅಪ್‌ಡೇಟ್ ಮಾಡಿರಿ’ ಎಂಬ ಸೂಚನೆ ಮೂಡಿದೊಡನೆ ನಮ್ಮ ಧಾರವಾಡದ ವಿದ್ಯಾವಂತರ ಬೆರಳು ಕೂಡ ‘ನಂತರ’ ಎಂಬುದರತ್ತಲೇ ಓಡುವದು. ಡೇಟಾ ತೀರೀತು, ಫೋನು ಮಂದವಾದೀತು, ಚಿತ್ರಗಳು ಅಳಿದಾವು ಎಂದು ನೂರೆಂಟು ಶಂಕೆ. “ಸರ್, ಛಲೋ ನಡದದ; ಸುಮ್ಮನ ಯಾಕ ಕೆಣಕೋದು?” ಎಂದು ವಿದ್ಯಾರ್ಥಿಯೊಬ್ಬ ನನ್ನನ್ನೇ ಕೇಳಿದ.

ಪ್ರಶ್ನೆ ಹುರುಳಿಲ್ಲದ್ದಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ಸಂಸ್ಥೆಯ ದೋಷಯುಕ್ತ ಅಪ್‌ಡೇಟಿನಿಂದಲೇ ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ಕುಸಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಿಂದ ಬರೆದು ಕೊಡಬೇಕಾಯಿತು. ಕಾವಲುಗಾರನೇ ಬಾಗಿಲಿಗೆ ಅಡ್ಡಬಿದ್ದ ಪರಿ!

ಆದರೆ 2017ನ್ನು ನೆನೆಯಿರಿ. ಮಾರ್ಚ್ 14ರಂದು ಮೈಕ್ರೋಸಾಫ್ಟ್ ಒಂದು ಬಿರುಕಿಗೆ ತೇಪೆ ಕಳಿಸಿತ್ತು. ತೇಪೆ ಪ್ರಕಟವಾಯಿತೆಂದರೆ ಬಿರುಕಿನ ಗುರುತು ಕಳ್ಳನಿಗೂ ಸಿಕ್ಕಿತೆಂದೇ ಅರ್ಥ. ತಡ ಮಾಡುವದರ ಅಪಾಯ ಅಂದಿನಿಂದಲೇ ಬೆಳೆಯುವದು. ಎರಡು ತಿಂಗಳು ತುಂಬುತ್ತ ಬಂದರೂ ಅದನ್ನು ಹಚ್ಚಿಕೊಳ್ಳದ ಗಣಕಗಳನ್ನು ಮೇ 12ರಂದು ವಾನಾಕ್ರೈ ಹೊಕ್ಕಿತು, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳು ರದ್ದಾದವು.

1898ರಲ್ಲಿ ಹುಬ್ಬಳ್ಳಿಯನ್ನು ಪ್ಲೇಗು ಮುತ್ತಿದಾಗ ಹಾಫ್‌ಕಿನ್ನರ ಚುಚ್ಚುಮದ್ದು ಬಂತು. ಅದರಿಂದ ಜ್ವರ, ತೋಳುನೋವು ತಪ್ಪುತ್ತಿರಲಿಲ್ಲ; ಆದರೂ ಸಾವಿರಾರು ಜನ ತೋಳೊಡ್ಡಿದರು. ನೆರೆಮನೆಯಿಂದ ಹೆಣ ಹೊರಡುವದನ್ನು ಅವರು ಕಂಡಿದ್ದರಷ್ಟೆ. ಗಣಕದ ಸೋಂಕಿಗೆ ಅಂಥ ಕಣ್ಣೆದುರಿನ ಹೆಣವಿಲ್ಲ.

ಇನ್ನು, ತಯಾರಕರೇ ಕೈಬಿಟ್ಟ ಹಳೆಯ ಫೋನು ಹಿಡಿದ ಬಡ ವಿದ್ಯಾರ್ಥಿಗೆ ‘ನಂತರ’ ಎನ್ನುವ ಆಯ್ಕೆಯೂ ಇಲ್ಲ. ಅವನಿಗೆ ಸೂಚನೆಯೇ ಬರುವದಿಲ್ಲ. ವಿದ್ಯಾರ್ಥಿವೇತನ ಜಮೆಯಾಗುವ ಬ್ಯಾಂಕಿನ ಖಾತೆಯನ್ನು ಅವನು ತೆರೆದು ನೋಡುವದೂ ಆ ಫೋನಿನಲ್ಲಿಯೇ.