ಇರುವೆಯ ದಾರಿಯೂ ನೀರಿನ ಬಟ್ಟಲೂ

ಬೆಲ್ಲದ ಡಬ್ಬಿಯ ಮುಚ್ಚಳ ಕೊಂಚ ಸಡಿಲವಾಗಿದ್ದರೆ ಸಾಕು, ಸ್ವಲ್ಪ ಹೊತ್ತಿನಲ್ಲಿಯೇ ಗೋಡೆಯ ಸಂದಿನಿಂದ ಡಬ್ಬಿಯವರೆಗೆ ಇರುವೆಗಳ ಸಾಲೊಂದು ಏರ್ಪಡುತ್ತದೆ. ನಾವು ಗುಡಿಸುತ್ತೇವೆ, ಹೊಸಕಿಹಾಕುತ್ತೇವೆ; ಮರುದಿನ ಸಾಲು ಮತ್ತೆ ಹಾಜರು! ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಸಾಲಿನಲ್ಲಿ ಬರುವವು ಕೆಲಸಗಾರ ಇರುವೆಗಳು. ಮೊಟ್ಟೆಯಿಡುವ ರಾಣಿ ಗೂಡಿನಲ್ಲಿ ಸುರಕ್ಷಿತವಾಗಿರುತ್ತದೆ. ಆದುದರಿಂದ ನಾವು ಅಳಿಸಬೇಕಾದುದು ಇರುವೆಯನ್ನಲ್ಲ, ಅದರ ದಾರಿಯನ್ನು.

ಈ ದಾರಿ ಯಾವುದರಿಂದ ಆದುದು? 18ನೆಯ ಶತಮಾನದಲ್ಲಿ ಜಿನೀವಾದ ನಿಸರ್ಗಶಾಸ್ತ್ರಜ್ಞ ಶಾರ್ಲ್ ಬಾನೆ ಇರುವೆಯ ಸಾಲಿಗೆ ಅಡ್ಡಲಾಗಿ ಬೆರಳನ್ನು ಎಳೆದನು. ಇರುವೆಗಳು ಅಲ್ಲಿಯೇ ತಡೆದು ದಿಕ್ಕುಗೆಟ್ಟವು. ದಾರಿಯು ವಾಸನೆಯದೆಂದು ಇದರಿಂದ ಊಹಿಸಬಹುದಾಗಿತ್ತು. 1959ರಲ್ಲಿ ಅಮೆರಿಕದ ಎಡ್ವರ್ಡ್ ವಿಲ್ಸನ್, ಬೆಂಕಿ ಇರುವೆಯ ಹೊಟ್ಟೆಯೊಳಗಿನ ಒಂದು ಕಿರುಗ್ರಂಥಿಯ ಸಾರದಿಂದ ಗೆರೆಯೆಳೆದು, ಇರುವೆಗಳು ಆ ಗೆರೆಯನ್ನೇ ಹಿಂಬಾಲಿಸುವುದನ್ನು ತೋರಿಸಿದರು. ಇಂಥ ಸಂದೇಶದ್ರವ್ಯಗಳಿಗೆ ಫೆರೊಮೋನ್ ಎಂಬ ಹೆಸರು ಬಂದುದೂ ಅದೇ ವರ್ಷ.

ಈ ದ್ರವ್ಯವು ಆವಿಯಾಗುವಂಥದು. ಆಹಾರ ಹೊತ್ತು ಮರಳುವ ಇರುವೆಗಳು ಮತ್ತೆ ಮತ್ತೆ ಲೇಪಿಸುತ್ತಿದ್ದರೆ ದಾರಿ ಉಳಿಯುತ್ತದೆ, ಇಲ್ಲದಿದ್ದರೆ ಅಳಿಯುತ್ತದೆ. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಪ್ರಿನ್ಸ್‌ಟನ್ನಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಇದನ್ನೇ ಬಳಸಿಕೊಂಡರು. ತಮ್ಮ ತಿಂಡಿಗೆ ಮುತ್ತಿದ ಇರುವೆಗಳನ್ನು ಕಾಗದದ ಚೂರುಗಳ ಮೇಲೆ ಹತ್ತಿಸಿಕೊಂಡು, ಬೇರೆಡೆ ಇಟ್ಟ ಸಕ್ಕರೆಯ ಬಳಿಗೆ ಸಾಗಿಸಿದರು. ಹೊಸ ದಾರಿ ಬಲಗೊಂಡಿತು, ಹಳೆಯದು ಮಾಸಿತು. ಒಂದು ಇರುವೆಯನ್ನೂ ಕೊಲ್ಲಬೇಕಾಗಲಿಲ್ಲ. ನಮಗೆ ಅಷ್ಟು ವ್ಯವಧಾನವಿಲ್ಲದಿದ್ದರೆ, ಸಂದಿನಿಂದ ಡಬ್ಬಿಯವರೆಗೂ ಇಡೀ ದಾರಿಯನ್ನು ಸಾಬೂನು ನೀರಿನಿಂದ ಒರಸಿ, ಸಂದನ್ನು ಮುಚ್ಚುವುದು ಸುಲಭೋಪಾಯ.

ಇನ್ನು ನಮ್ಮ ಹಿರಿಯರ ಉಪಾಯವೊಂದಿದೆ: ಆಹಾರದ ಕಪಾಟಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸುವುದು. ಇದು ಕೆಲವೊಮ್ಮೆ ವಿಫಲವಾಗುವುದೇಕೆ? ನೀರಿನ ಮೇಲ್ಮೈಯು ಬಿಗಿದ ಪೊರೆಯಂತೆ ವರ್ತಿಸುತ್ತದೆ. ಈ ಮೇಲ್ಮೈ ಎಳೆತದ ಪ್ರಮಾಣ ಸೆಂಟಿಮೀಟರಿಗೆ ಸುಮಾರು 72 ಡೈನ್. ಒಂದು ಮಿಲಿಗ್ರಾಮ್ ತೂಗುವ ಸಣ್ಣ ಇರುವೆಯನ್ನು ಭೂಮಿ ಎಳೆಯುವ ಬಲ ಒಂದು ಡೈನಿಗೂ ತುಸು ಕಡಮೆ. ಹಾಗಾದರೆ ಅದನ್ನು ಹೊರಲು ಸೆಂಟಿಮೀಟರಿನ ಎಪ್ಪತ್ತರಲ್ಲಿ ಒಂದು ಪಾಲಿನಷ್ಟು ಸ್ಪರ್ಶರೇಖೆ ಸಾಕು! ಇರುವೆಯ ಮೈಗೆ ಮೇಣದ ಲೇಪವಿರುವುದರಿಂದ ನೀರು ಅದಕ್ಕೆ ಅಂಟುವುದೂ ಇಲ್ಲ. ಮೇಲೆ ಧೂಳು ಕಟ್ಟಿದರಂತೂ ಸೇತುವೆಯೇ ಸಿದ್ಧವಾಯಿತು.

ಆ ನೀರಿಗೆ ಕೊಂಚ ಸಾಬೂನು ಬೆರಸೋಣ. ಎಳೆತವು ಅರ್ಧಕ್ಕೂ ಕಡಮೆಯಾಗುತ್ತದೆ. ಆದರೆ ಲೆಕ್ಕ ಹಾಕಿ ನೋಡಿದರೆ, ಉಳಿದ ಎಳೆತವೂ ಇರುವೆಯನ್ನು ಹೊರಲು ಸಾಲದೆನ್ನುವಂತಿಲ್ಲ. ಮುಖ್ಯವಾದುದು ಬೇರೆ: ಸಾಬೂನು ನೀರು ಮೇಣದ ಮೈಯನ್ನೂ ಒದ್ದೆಮಾಡುತ್ತದೆ. ಒದ್ದೆಯಾದ ಕಾಲು ಪೊರೆಯ ಮೇಲೆ ನಿಲ್ಲಲಾರದೆ ಒಳಗಿಳಿಯುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಅಂಗಡಿಯಲ್ಲಿ ದೊರೆಯುವ ಇರುವೆಯ ಸೀಮೆಸುಣ್ಣವು ಶಾಲೆಯ ಸೀಮೆಸುಣ್ಣದಂತೆ ಕಂಡರೂ ಅದರಲ್ಲಿ ಕೀಟನಾಶಕ ಬೆರೆತಿರುತ್ತದೆ. ಅನ್ನ ಬಡಿಸುವ ಕಟ್ಟೆಯ ಮೇಲೆ, ಮಕ್ಕಳ ಕೈಗೆಟಕುವಲ್ಲಿ ಅದು ಸಲ್ಲದು. ಎರಡನೆಯದು, ನಮ್ಮ ಬಟ್ಟಲನ್ನೇ ಕುರಿತದ್ದು. ಡೆಂಗೆಯನ್ನು ಹರಡುವ ಈಡಿಸ್ ಸೊಳ್ಳೆಗೆ ಮನೆಯೊಳಗಿನ ಇಂಥ ನಿಂತ ನೀರು ಬಹಳ ಮೆಚ್ಚು. ಅದು ನೀರಿನ ಅಂಚಿನ ಒದ್ದೆ ಗೋಡೆಗೆ ಮೊಟ್ಟೆಗಳನ್ನು ಅಂಟಿಸುತ್ತದೆ. ಒಣಗಿದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲವು. ಆದುದರಿಂದ ನೀರು ಚೆಲ್ಲಿದರೆ ಸಾಲದು. ವಾರಕ್ಕೊಮ್ಮೆಯಾದರೂ ಬಟ್ಟಲಿನ ಒಳಮೈಯನ್ನು ಉಜ್ಜಿ ತೊಳೆದು ಹೊಸ ಸಾಬೂನು ನೀರು ಹಾಕಬೇಕು. ಇರುವೆ ಕದ್ದೊಯ್ಯುವುದು ಬೆಲ್ಲದ ಕಣವನ್ನು ಮಾತ್ರ. ಅದನ್ನು ತಡೆಯಹೋಗಿ ನಾವು ಸೊಳ್ಳೆಗೆ ತೊಟ್ಟಿಲು ಕಟ್ಟಿಕೊಡಬಾರದು.